ಸಾಹೇಬರ ಸಾವಧಾನ

ದಾಂಡೇಲಿ ಅಂದಕೂಡಲೇ ಮಂದಿ ಕಾಡು ಅಂತಾರ, ಹೊಳಿ ಅಂತಾರ, ನೀವು ಭಾಳ ತಂಪಿನ್ಯಾಗ ಇದ್ರಿ ಬಿಡ್ರಿ ಅಂತಾರ. ನಾ ಹೂಂ ಅಂದು ಸುಮ್ಮನಾಗ್ತೇನಿ. ಹೇಳಿ ಹೇಳಿ ದಣದೇನಿ. ಕಾಡು ಇತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಕಾಡಿನ ನೆರಳು ನಮ್ಮ ಮ್ಯಾಲ ಬೀಳತಿದ್ದಿಲ್ಲ. ನಾನೂ ಅವ್ವನೂ ಇದ್ದದ್ದು ತಗಡಿನ ಕೆಳಗ.

ಅಣ್ಣ ಕಾಗದದ ಕಾರ್ಖಾನಿಯೊಳಗ ಕೆಲಸಕ್ಕಿದ್ದ. ಮದುವಿಯಾದ ಹೊಸದರಾಗ ಗಂಡನ್ನ ಕಳಕೊಂಡು ನಾ ಅವನ ಮನಿ ಸೇರಿದ್ದೆ. ಮನಿ ಅಂದ್ರ ಎರಡು ಖೋಲಿ, ಹಿಂದ ಕಟಗಿ ಒಟ್ಟಾಕ ಇಳಿಸಿದ ಒಂದು ತಗಡು. ಅಣ್ಣಂದು ರಾತ್ರಿ ಪಾಳಿ ಬಂದ್ರ ಹಗಲಿಡೀ ಮಲಗತಿದ್ದ, ಒಳಗಿನ ತಂಪು ಖೋಲಿ ಅವಗ ಬೇಕು. ಹೊರಗಿನ ಖೋಲಿ ವೈನಿ ಮತ್ತ ಕೂಸುಗಳಿಗೆ. ಉಳಿದ ಇಬ್ಬರು ನಾವು, ಕಟಗಿ ಸರಿಸಿ ಆ ತಗಡಿನ ಕೆಳಗ ಚಾಪಿ ಹಾಕಿದ್ವಿ. ಅಣ್ಣ ಕೆಟ್ಟಾವ ಅಲ್ಲ, ವೈನಿನೂ ಕೆಟ್ಟಾಕಿ ಅಲ್ಲ. ಮನಿ ಸಣ್ಣದು, ಬಿಸಲು ದೊಡ್ಡದು, ಅಷ್ಟ.

ಹೋಳಿ ಹುಣ್ಣಿವಿ ದಾಟಿತು ಅಂದ್ರ ಆ ತಗಡು ಕಾದು ಟಕ್ ಟಕ್ ಅಂತ ಸಪ್ಪಳ ಮಾಡತಿತ್ತು. ಬಾಗಿಲ ಇರಬೇಕಾದಲ್ಲಿ ಗೋಣಿಚೀಲ ತೋಯಿಸಿ ಕಟ್ಟತಿದ್ದೆ. ಅದು ಒಣಗೋದು ನೋಡಿದ್ರ ನನಗ ಸಿಟ್ಟು ಬರತಿತ್ತು, ಕೊಡ ಇಳಿಸೋದರಾಗ ಒಣಗಿರತಿತ್ತು. ಹಾಸಿಗಿ ಮ್ಯಾಲ ನೀರು ಚಿಮುಕಿಸ್ತಿದ್ದೆ. ಅಂಗಾಲಿಗೆ ಔಡಲೆಣ್ಣಿ ಹಚ್ಚತಿದ್ದೆ. ಬೆವರುಗುಳ್ಳಿ ಬೆನ್ನ ತುಂಬ ಎದ್ದು, ಕೆರಕೊಂಡ ಕೈ ಕೆಳಗ ಇಳೀತಿದ್ದಿಲ್ಲ. ಅವ್ವ ಮೂಲ್ಯಾಗ ಕುಂತು ಬೀಸಣಿಗಿ ಬೀಸಿಕೋತ, ನಾ ಶಾಲಿ ಕೆಲಸದಿಂದ ಬಂದು ಕಾಲು ತೊಳಿಯೋದರಾಗ ಸುರು ಮಾಡತಿದ್ಲು.

ಝಳಾ ಅಂದ್ರ ಝಳಾ ತಂಗಿ, ಒಳಗಿಂದ ನೆಣಾ ಕರಗತೈತಿ ಅಂತಿದ್ಲು. ಈ ತಗಡಿನ ಕೆಳಗ ನಾ ಇನ್ನೊಂದು ಬ್ಯಾಸಗಿ ತಗಿಯಂಗಿಲ್ಲ ಅಂತಿದ್ಲು. ಇಡೀ ಹಗಲು ಬಿಸಲಾಗ ನಿಂತು ಬಂದು, ಮನ್ಯಾಗ ಮತ್ತ ಬಿಸಲಿನ ಮಾತ ಕೇಳಬೇಕು. ಏನರ ಮಾಡ್ತೇನಿ ತಡಿ ಅಂತಿದ್ದೆ. ಏನು ಮಾಡಬೇಕು ಅನ್ನೋದು ಮಾತ್ರ ಗೊತ್ತಿದ್ದಿಲ್ಲ.

ಒಂದು ಐತವಾರ ಗೊತ್ತಾತು. ಹೊಳಿ ಕಡೆ ಹಳೇ ಓಣಿಯೊಳಗ ಒಬ್ಬ ವ್ಯಾಪಾರಸ್ಥರ ಮನಿ ಅಜ್ಜಿ ಇದ್ಲು. ಆಕಿ ಮನಿಗೆ ನಾಡಹಂಚು, ದಪ್ಪನ್ನ ಮಣ್ಣಿನ ಗ್ವಾಡಿ. ಪಡಸಾಲಿ ಬಾಜೂಕ ಒಂದು ಖೋಲಿ ಖಾಲಿ ಐತಿ ಅಂತ ಕೇಳಿ ಅವ್ವನ್ನ ಕರಕೊಂಡು ಹೋದೆ. ಸಾರಿಸಿದ ನೆಲದ ಮ್ಯಾಲ ಕಾಲಿಟ್ಟೆ, ಆ ತಂಪು ಮೊಣಕಾಲತನ ಏರಿತು. ಅವ್ವ ಗ್ವಾಡಿಗೆ ಬೆನ್ನ ಹಚ್ಚಿ ಕುಂತು ಕಣ್ಣು ಮುಚ್ಚಿಬಿಟ್ಲು. ಎಬ್ಬಿಸಾಕ ಮನಸ್ಸು ಬರಲಿಲ್ಲ. ಅಜ್ಜಿ ಮಾತ್ರ ಕಡ್ಡಿ ಮುರದಂಗ ಹೇಳಿದ್ಲು. ಕಾಯಂ ನೌಕರಿ ಇದ್ದೋರಿಗೆ ಕೊಡತೇನಿ, ಇವತ್ತು ಐತಿ ನಾಳೆ ಇಲ್ಲ ಅನ್ನೋರು ನನಗ ಬ್ಯಾಡ, ಕಾಯಂ ಆದಮ್ಯಾಲ ಬಾ, ಅಲ್ಲಿತನ ಬ್ಯಾರೆಯವರಿಗೆ ಕೊಡಂಗಿಲ್ಲ ಅಂದ್ಲು. ನಂದು ಹಂಗಾಮಿ ನೌಕರಿ. ಅವತ್ತಿಂದ ನನ್ನ ತಲ್ಯಾಗ ಒಂದ ವಿಚಾರ. ಕಾಯಂ ಆಗಬೇಕು, ಅವ್ವನ್ನ ಆ ಗ್ವಾಡಿಗೆ ಕುಂಡರಿಸಬೇಕು.

ನಾ ಹೆಣ್ಣುಮಕ್ಕಳ ಶಾಲಿಯೊಳಗ ಕಲಿಸೋ ಅಕ್ಕೋರು. ಎಲ್ಲಾರಕಿಂತ ಸಣ್ಣಾಕಿ ಅಂತ ಕವಾಯತು ನನ್ನ ಕೊಳ್ಳಿಗೆ ಕಟ್ಟಿದ್ರು. ಗಣಿತ ಕಲಿಸಾಕ ನೆರಳು ಇರತೈತಿ, ಇತಿಹಾಸಕ್ಕ ಇರತೈತಿ, ಕವಾಯತಿಗೆ ಮಾತ್ರ ಬಯಲು. ನಮ್ಮ ಮೈದಾನ ನಾಟಾ ಡಿಪೋಕ್ಕ ಹತ್ತಿ ಇತ್ತು. ಕಾಡಿನ ದೊಡ್ಡ ದೊಡ್ಡ ಗಿಡ ಎಲ್ಲಾ ಕಡದು ತಂದು ನಾಟಾ ಅಂತ ಅಲ್ಲಿ ಒಟ್ಟಿದ್ರು, ನಿಂತ ಗಿಡ ಒಂದೂ ಇದ್ದಿಲ್ಲ. ಆ ಒಣಾ ದಿಮ್ಮಿ ನೋಡಿಕೋತ ನೆರಳಿನ ಹಂಬಲ ಮಾಡಬೇಕು, ಎಂಥಾ ಚ್ಯಾಷ್ಟಿ.

ಬ್ಯಾಸಗಿ ಶಾಲಿ ಮುಂಜಾನೆ ಆಗೂತನ ಕವಾಯತು ಊಟಾದ ಮ್ಯಾಲ. ಹುಡುಗ್ಯಾರು ಪರಕಾರ ಪೋಲಕಾ ಹಾಕ್ಕೊಂಡು, ಬರಗಾಲಿಲೆ ಬರತಿದ್ರು. ನೆಲಕ್ಕ ಕಾಲು ಊರಾಕ ಆಗದ ಒಂದ ಸಮ ಕುಣೀತಿದ್ರು, ಇನ್ನೂ ಲೇಜಿಮ್ ಸುರು ಆಗಿರತಿದ್ದಿಲ್ಲ. ಲೇಜಿಮ್ ಅಂದ್ರ ಕಟ್ಟಿಗಿ ಹಿಡಿಕಿಗೆ ಕಬ್ಬಿಣದ ಸರಪಳಿ, ಅದಕ್ಕ ಝಣ ಝಣ ಅನ್ನೋ ಬಿಲ್ಲಿ. ಬಿಸಲಿಗೆ ಆ ಸರಪಳಿ ಕಾದು ತೋಳಿಗೆ ತಗುಲಿದ್ರ ಚುರ್ ಅನ್ನತಿತ್ತು. ಕಾಡಿನ ಹಳ್ಳಿಯಿಂದ ಬರೋ ಒಬ್ಬ ಸಿದ್ದೇರ ಹುಡುಗಿ ಮುತ್ತಲ ಎಲಿ ಅಂಗಾಲಿಗೆ ಕಟಗೊಂಡು ಬಂದ್ಲು. ಶಾಣ್ಯಾಳ ಭಾಳ ಅಂತ ನಾ ಎಲ್ಲಾರಿಗೂ ಕಟ್ಟಿಸಿದೆ. ಮೊದಲನೇ ಹೆಜ್ಜಿಗೆ ಇಡೀ ಸಾಲು ಜಾರಿ ಒಬ್ಬರ ಮ್ಯಾಲ ಒಬ್ಬರು ಬಿದ್ರು. ಆಕಿ ಒಬ್ಬಾಕಿ ನೆಟ್ಟಗ ನಿಂತು ನಗಾಕ ಹತ್ತಿದ್ಲು.

ಬಿಸಲು ಬಡಿಬಾರದು ಅಂತ ಅವ್ವ ದಿನಾ ನನ್ನ ಚೀಲದಾಗ ಒಂದು ಉಳ್ಳಾಗಡ್ಡಿ ಹಾಕತಿದ್ಲು. ಮಧ್ಯಾಹ್ನ ಆತಂದ್ರ ಅದು ಕಾದು ವಾಸನಿ ಬಿಡತಿತ್ತು. ಹುಡುಗ್ಯಾರು ನನಗ ಉಳ್ಳಾಗಡ್ಡಿ ಅಕ್ಕೋರು ಅಂತ ಹೆಸರಿಟ್ಟಿದ್ರು, ನನಗ ಗೊತ್ತಿಲ್ಲ ಅಂತ ತಿಳಿದಿದ್ರು. ಜೋಯಿಡಾ ಕಡೆ ಕೊಂಕಣಿಯವರು ಒಬ್ಬರು ಅಕ್ಕೋರು ಇದ್ರು, ಒಣಗಿದ ಮುರುಗಲ ಸಿಪ್ಪಿ ನೆನಸಿ ಬೆಲ್ಲ ಉಪ್ಪು ಹಾಕಿ ಪಾನಕ ಮಾಡತಿದ್ರು. ಅದನ್ನ ಕುಡದು, ಮುಖಕ್ಕ ನೀರು ಹೊಡಕೊಂಡು, ಮತ್ತ ಬಯಲಿಗೆ ಇಳೀತಿದ್ದೆ. ದಣಿವು ಅಂದ್ರ ಎಂಥಾದ್ದು ಅಂತ ಆ ವರ್ಷ ತಿಳೀತು. ನಿದ್ದಿ ಮಾಡಿ ಎದ್ರೂ ಹೋಗದಂಥಾದ್ದು.

ಇನ್ನೊಂದು ಮಾತು ಹೇಳಬೇಕು, ಇಲ್ಲಾಂದ್ರ ಮುಂದಿಂದು ತಿಳಿಯಂಗಿಲ್ಲ. ನಮ್ಮ ಸೀಮಿ ಮೊದಲ ಮುಂಬಯಿ ಇಲಾಖಾದಾಗಿತ್ತು, ಕವಾಯತಿನ ಹುಕುಂ ಎಲ್ಲಾ ಮರಾಠಿ ಹಿಂದಿ. ಸಾವಧಾನ್ ಅಂದ್ರ ಹಿಮ್ಮಡ ಕೂಡಿಸಿ ಎದಿ ಸೆಟದು ಕಲ್ಲಿನಂಗ ನಿಲ್ಲಬೇಕು, ನೊಣ ಕುಂತ್ರೂ ಹೊಡಕೋಬಾರದು. ವಿಶ್ರಾಮ್ ಅಂದ್ರ ಕಾಲು ಅಗಲಿಸಿ ಮೈ ಸಡಿಲ ಬಿಡಬೇಕು. ಯಾರು ಸಾವಧಾನ್ ಅಂದ್ರೋ ಅವರ ವಿಶ್ರಾಮ್ ಅನ್ನಬೇಕು. ಅದರಾಗ ದೊಡ್ಡೋರು ಹುಕುಂ ಕೊಟ್ರ ಅದನ್ನ ಸಣ್ಣೋರು ಬಿಡಿಸೋ ಮಾತ ಇಲ್ಲ. ಇದನ್ನ ನಾನ ಹುಡುಗ್ಯಾರಿಗೆ ತಲಿಗೆ ಮೊಳಿ ಹೊಡದಂಗ ಕಲಿಸಿದ್ದೆ. ಆಮ್ಯಾಲ ನಾವು ಮೈಸೂರು ರಾಜ್ಯಕ್ಕ ಸೇರಿದ್ವಿ, ಸಾಹೇಬರು ಆ ಕಡೆಯಿಂದ ಬರಾಕ ಹತ್ತಿದ್ರು. ಹುಕುಂ ಮಾತ್ರ ಹಳೇದ ಉಳದಿದ್ವು.

ಆ ವರ್ಷ ತಪಾಸಣಿಗೆ ಬಂದ ಸಾಹೇಬರೂ ಮೈಸೂರು ಕಡೆಯವರು. ನನ್ನ ಕವಾಯತು ನೋಡಿ ಅವರು ಶೇರಾ ಬರೀಬೇಕು, ಶೇರಾ ಚೊಲೋ ಬಂದ್ರ ನೌಕರಿ ಕಾಯಂ. ಹೆಡ್‌ಅಕ್ಕೋರು ನನ್ನ ಕರದು, ಈ ಸಲ ಕೆಲಸ ಆತು ಅಂತ ತಿಳಿ, ಬಾಯಿ ಮಾತ್ರ ಮುಚ್ಚಿಕೊಂಡಿರು ಅಂದಿದ್ರು. ನನ್ನ ಬಾಯಿ ಅವರಿಗೆ ಗೊತ್ತಿತ್ತು. ಹೊತ್ತು ಏರೋದರೊಳಗ ಮುಗಸೂಣು ಅಂತ ಮುಂಜಾನೆ ಇಟ್ಟಿದ್ವಿ. ಸಾಹೇಬರ ಜೀಪು ಮೊದಲ ಕಾಡಿನ್ಯಾಗಿನ ಕುಳಗಿ ಕ್ಯಾಂಪಿಗೆ ಹೋಗಿ, ಅಲ್ಲೆ ನಾಷ್ಟಾ ಆಗಿ, ನಮ್ಮ ಮೈದಾನಕ್ಕ ಬಂದಾಗ ಸೂರ್ಯ ನೆತ್ತಿ ಮ್ಯಾಲ. ಮುಂಜಾನಿಂದ ಸಾಲು ಹಚ್ಚಿದ ಹುಡುಗ್ಯಾರು ಬಾಡಿದ ಸೊಪ್ಪಿನಂಗ ಆಗಿದ್ರು.

ಸಾಹೇಬರು ಒಳ್ಳೇ ಮನಷ್ಯಾನ, ಸುಳ್ಳು ಯಾಕ ಹೇಳಲಿ. ಮೆತ್ತಗ ಮಾತಾಡತಿದ್ರು, ಎಲ್ಲಾರಿಗೂ ಅಮ್ಮಾ ತಾಯಿ ಅಂತಿದ್ರು. ಚಪ್ಪರದ ನೆರಳಾಗ ಕುರ್ಚಿ ಹಾಕಿದ್ವಿ. ಲೇಜಿಮ್ ಸುರು ಆತು. ಎರಡು ಸುತ್ತು ಚೊಲೋ ಆತು. ಮೂರನೇದಕ್ಕ ಹಿಂದಿನ ಸಾಲಿನ್ಯಾಗ ಒಂದು ಹುಡುಗಿ ತಾಳ ತಪ್ಪಿದ್ಲು, ಮುಂದಿನಾಕಿಗೆ ಬಡೀತು, ಗಡಿಬಿಡಿ ಆತು. ಸಾಹೇಬರು ಪಾಪ, ಎದ್ದು ನಿಂತು, ಎರಡೂ ಕೈ ಎತ್ತಿ ಸಮಾಧಾನ ಮಾಡಿದ್ರು.

"ಸಾವಧಾನ, ಸಾವಧಾನ ಮಕ್ಕಳೇ."

ಅವರ ಕಡೆ ಅದು ಅವಸರ ಮಾಡಬ್ಯಾಡ್ರಿ ಅನ್ನೋ ಮಾತು. ನಮ್ಮ ಕಡೆ ಅದಕ್ಕ ಸಾವಕಾಶ ಅಂತಾರ. ಸಾಹೇಬರ ಬಾಯಿಂದ ಸಾವಧಾನ ಬಿದ್ದದ್ದ ತಡ, ಇಡೀ ಮೈದಾನದಾಗ ಹಿಮ್ಮಡ ಒಮ್ಮೆಲೆ ಕೂಡಿದ್ವು. ಲೇಜಿಮ್ ಎದಿಗೆ ಬಂದ್ವು. ಗಪ್ಪ ಅಂದ್ರ ಗಪ್ಪ. ನಾನೂ ಹುಚ್ಚಿ, ಎದಿ ಸೆಟದು ನಿಂತಬಿಟ್ಟೆ.

ಸಾಹೇಬರಿಗೆ ಖುಷಿ ಆತು. ಎಂಥ ಶಿಸ್ತು ನೋಡಿ, ಒಂದು ಮಾತಿಗೆ ಹೇಗೆ ಶಾಂತರಾದರು ಅಂತ ಬಾಜೂಕ ಕುಂತವರಿಗೆ ಹೇಳಿದ್ರು. ಮಂದಿ ಚಪ್ಪಾಳಿ ಬಡದ್ರು. ಆ ಖುಷಿಯೊಳಗ ಭಾಷಣಕ್ಕ ನಿಂತ್ರು. ಯಾತರ ಮ್ಯಾಲ ಭಾಷಣ ಅಂತೀರಿ? ಬೇಸಿಗೆಯಲ್ಲಿ ದೇಹಾರೋಗ್ಯ. ಬಿಸಿಲಿನಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು, ವ್ಯಾಯಾಮದ ನಡುವೆ ನೀರು ಕುಡಿಯಬೇಕು, ಮಜ್ಜಿಗೆ ಉತ್ತಮ ಅಂತ ಬಿಡಿಸಿ ಬಿಡಿಸಿ ಹೇಳಾಕ ಹತ್ತಿದ್ರು. ಮುಂದ ಬಿಸಲಾಗ ಹುಡುಗ್ಯಾರು ಕಣ್ಣು ಪಿಳುಕಿಸದ ನಿಂತಿದ್ರು. ಚಪ್ಪರದ ಕಂಬಕ್ಕ ಹತ್ತಿ ನೀರು ತುಂಬಿದ ರಂಜಣಗಿ ಇತ್ತು, ಎಲ್ಲಾರಿಗೂ ಕಾಣತಿತ್ತು. ನಗಬೇಕೋ ಅಳಬೇಕೋ ನನಗ ತಿಳೀಲಿಲ್ಲ.

ಈಗ ಮುಗಸ್ತಾರ, ಈಗ ಮುಗಸ್ತಾರ ಅಂತ ನೋಡಿದೆ. ಅವರು ಮಜ್ಜಿಗಿಯಿಂದ ಎಳನೀರಿಗೆ ಹೋದ್ರು. ನಾ ಚಪ್ಪರದ ಅಂಚಿಗೆ ಹೋಗಿ ಕೈ ಮುಗದು ಸಣ್ಣ ದನಿಲೆ ಅಂದೆ, "ಸಾಹೇಬ್ರ, ವಿಶ್ರಾಮ ಅನ್ರಿ."

ಸಾಹೇಬರು ನನ್ನ ಕಡೆ ತಿರುಗಿ ನಕ್ಕರು. "ಪರವಾಗಿಲ್ಲ ತಾಯಿ, ನನಗೇನೂ ಆಯಾಸವಿಲ್ಲ."

ಮಂದಿಗೆ ಅದೂ ಭಾಳ ಚೊಲೋ ಅನಸ್ತು, ಮತ್ತ ಚಪ್ಪಾಳಿ. ನಿಮಗಲ್ಲರೀ, ಹುಡುಗ್ಯಾರಿಗೆ ಅಂದೆ. ಹುಡುಗಿಯರು ಎಷ್ಟು ಗಮನ ಕೊಟ್ಟು ಕೇಳ್ತಿದ್ದಾರೆ ನೋಡಿ ಅಂತ ಅವರು ಇನ್ನೂ ಹುರುಪಿಗೆ ಬಂದ್ರು. ಹೆಡ್‌ಅಕ್ಕೋರು ಹಿಂದಿಂದ ನನ್ನ ಸೆರಗು ಜಗ್ಗಿದ್ರು. ಅವರಿಗೂ ತಿಳದಿತ್ತು, ಎಲ್ಲಾ ಅಕ್ಕೋರಿಗೂ ತಿಳದಿತ್ತು. ಸಾಹೇಬರ ತಪ್ಪು ಸಾಹೇಬರಿಗೆ ಹೇಳೋರು ಯಾರು?

ನಾ ತಿರುಗಿ ಬಂದು ಸಾಲಿನ ಮುಂದ ನಿಂತೆ. ಅವ್ವ ಕಣ್ಣಿಗೆ ಕಟ್ಟಿದ್ಲು, ಆ ಮಣ್ಣಿನ ಗ್ವಾಡಿಗೆ ಬೆನ್ನ ಹಚ್ಚಿ ಕುಂತಾಕಿ. ಇನ್ನ ಸ್ವಲ್ಪ ತಡಕೊಂಡ್ರ ಆ ಖೋಲಿ ನಮ್ಮದು. ಮುಂದಿನ ಸಾಲಿನ ತುದಿಗೆ ಸಿದ್ದೇರ ಹುಡುಗಿ ನಿಂತಿದ್ಲು. ಕಾದ ಸರಪಳಿ ಮುಂಗೈಗೆ ಒತ್ತಿತ್ತು, ಆಕಿ ಸರಿಸಿದ್ದಿಲ್ಲ, ಸಾವಧಾನದಾಗ ಸರಿಸಬಾರದು ಅಂತ ನಾನ ಕಲಿಸಿದ್ದೆ. ಆಕಿ ಸಾಹೇಬರನ್ನ ನೋಡತಿದ್ದಿಲ್ಲ, ನನ್ನ ನೋಡತಿದ್ಲು.

ಅದು ಧೈರ್ಯ ಅಲ್ಲ. ಮಂದಿ ಆಮ್ಯಾಲ ಧೈರ್ಯ ಅಂದ್ರು, ಅದು ಸುಳ್ಳು. ಅದು ಸಿಟ್ಟು. ತಿಂಗಳಗಟ್ಟಲೆ ನೆತ್ತಿಗೆ ಏರಿ ಕುಂತ ಬಿಸಲಿನ ಸಿಟ್ಟು. ಎಷ್ಟು ಕಸು ಇತ್ತೋ ಅಷ್ಟೂ ಹಾಕಿ "ವಿಶ್ರಾಮ್" ಅಂತ ಒದರಿದೆ. ಅಷ್ಟಕ್ಕ ಬಿಟ್ಟಿದ್ರ ನಡೀತಿತ್ತೇನೋ. "ಹೋಗ್ರಿ, ನೀರು ಕುಡೀರಿ" ಅಂತನೂ ಒದರಿದೆ.

ಕಟ್ಟಿ ಒಡದಂಗ ಹುಡುಗ್ಯಾರು ಓಡಿದ್ರು. ರಂಜಣಗಿ ಸುತ್ತ ಒಬ್ಬರ ಮ್ಯಾಲ ಒಬ್ಬರು ಬಿದ್ದು, ತಂಬಿಗಿ ಕಸಗೊಂಡು, ತಲಿ ಮ್ಯಾಲ ಸುರುವಿಕೊಂಡು, ಚಪ್ಪರದಾಗ ಕೆಸರು ಮಾಡಿದ್ರು. ಸಾಹೇಬರ ಬೂಟಿಗೂ ಸಿಡೀತು. ಅವರ ಬಾಯಾಗ ಎಳನೀರಿನ ಮಾತು ಅರ್ಧಾ ನಿಂತಿತ್ತು.

ಆಫೀಸಿನ್ಯಾಗ ನಾ ಸಾಹೇಬರಿಗೆ ಎಲ್ಲಾ ತಿಳಿಸಿ ಹೇಳಿದೆ. ಸಾವಧಾನ ಅಂದ್ರ ಇಲ್ಲೆ ಹಿಂಗ, ವಿಶ್ರಾಮ ಅಂದ್ರ ಹಿಂಗ ಅಂತ. ಅವರು ಸಾವಕಾಶ ಕೇಳಿದ್ರು. ಭಾಷೆಯ ವಿಷಯ ಇರಲಿ, ಹಿರಿಯರು ಮಾತಾಡುವಾಗ ಮಕ್ಕಳನ್ನು ಎಬ್ಬಿಸಿ ಕಳಿಸಬಹುದೇ ಅಂತ ಅಷ್ಟ ಕೇಳಿದ್ರು. ಎಬ್ಬಿಸೋದೇನ ಬಂತು, ಹುಡುಗ್ಯಾರು ಕುಂತಿದ್ರ ಎಬ್ಬಿಸತಿದ್ದೆ ಅಂದೆ. ಹೆಡ್‌ಅಕ್ಕೋರು ಹಣಿ ಹಣಿ ಬಡಕೊಂಡ್ರು. ಶಿಸ್ತು ಸಾಲದು ಅಂತ ಶೇರಾ ಬಿತ್ತು. ಆ ವರ್ಷದ ಕಾಯಂ ಅಲ್ಲಿಗೆ ಮುಗೀತು.

ಮನಿಗೆ ಬಂದು ಅವ್ವಗ ಹೇಳಿದೆ. ಆಕಿ ತೋಯಿಸಿದ ಸೆರಗು ತಲಿ ಮ್ಯಾಲ ಹಾಕ್ಕೊಂಡು ಕುಂತಿದ್ಲು. ಬೈತಾಳ ಅಂತ ಮಾಡಿದ್ದೆ, ಬೈಲಿಲ್ಲ. ಉಂಡೀಯೇನು ಅಂದ್ಲು. ನಾಲ್ಕು ದಿವಸಕ್ಕ ಅಣ್ಣನ್ನ ಕರದು, ಮುಂಡಗೋಡಕ್ಕ ನನ್ನ ಮುಟ್ಟಿಸಿ ಬಾ ಅಂದ್ಲು. ಅಲ್ಲೆ ನಮ್ಮ ಅಕ್ಕನ ಮನಿ ಇತ್ತು. ತಗಡಿಗೆ ಹೆದರಿ ಓಡಿ ಹೋದ್ಲು ಅಂತ ನಾ ತಿಳಕೊಂಡೆ. ಆ ಬ್ಯಾಸಗಿ ಒಬ್ಬಾಕೀನ ಆ ತಗಡಿನ ಕೆಳಗ ಬಿದ್ದಕೊಂಡಿದ್ದೆ. ಗೋಣಿಚೀಲ ತೋಯಿಸೋದೂ ಬಿಟ್ಟಬಿಟ್ಟೆ. ಯಾರಿಗೆ ಬೇಕಾಗಿತ್ತು ಅದು?

ಮುಂದಿನ ವರ್ಷ ಬಂದ ಸಾಹೇಬರು ಬ್ಯಾರೆಯವರು. ಕವಾಯತು ನೋಡಾಕ ಹೊರಗ ಬರಲೇ ಇಲ್ಲ. ಒಳಗ ಕುಂತು ಅವಲಕ್ಕಿ ತಿಂದು, ಎಲ್ಲಾ ಸಮಾಧಾನಕರ ಅಂತ ಬರದು ಹೋದ್ರು. ನಾ ಕಾಯಂ ಆದೆ. ಹಿಂಗ ಆಗೋದಿದ್ರ ಅಷ್ಟು ಬಿಸಲು ಯಾಕ ಕುಡದೆನೋ ಏನೋ.

ಅಜ್ಜಿ ಮಾತಿಗೆ ತಪ್ಪಲಿಲ್ಲ, ಖೋಲಿ ಕೊಟ್ಲು. ನೆಲ ಸಾರಿಸಿದೆ, ಗ್ವಾಡಿಗೆ ಸುಣ್ಣ ಹಚ್ಚಿದೆ, ಹೊಸಾ ರಂಜಣಗಿ ತಂದೆ, ಗ್ವಾಡಿ ಮಗ್ಗಲಕ್ಕ ಅವ್ವನ ಸಲುವಾಗಿ ಚಾಪಿ ಹಾಸಿದೆ. ಮರುದಿನ ನಸಿಕಿನ್ಯಾಗ ಬಸ್ಸು ಹಿಡಿದು ಮುಂಡಗೋಡಕ್ಕ ಹೋದೆ. ಸುಡು ಬ್ಯಾಸಗಿ. ದಾರಿಗುಂಟ, ಆಗ ಹೊಸದಾಗಿ ಬಂದಿದ್ದ ಟಿಬೆಟಿನ ಮಂದಿ ದಪ್ಪನ್ನ ಉಣ್ಣಿ ಅಂಗಿ ಹಾಕ್ಕೊಂಡು ಹೊಲದಾಗ ನಿಂತಿದ್ರು. ನೋಡಿದ್ರ ನಮಗ ಬೆವರು ಬರತಿತ್ತು.

ಅಕ್ಕನ ಅಂಗಳಕ್ಕ ಕಾಲಿಟ್ಟೆ. ಅವ್ವ ನಟ್ಟ ನಡು ಮಧ್ಯಾಹ್ನದ ಬಿಸಲಾಗ, ಸೆರಗು ಸೊಂಟಕ್ಕ ಸಿಗಿಸಿ, ಬರಿ ತಲ್ಯಾಗ ಕುಂತು ಸಂಡಿಗಿ ಹಾಕತಿದ್ಲು. ಬಾಜೂಕ ಅಂಥಾ ಉಣ್ಣಿ ಅಂಗಿ ತೊಟ್ಟ ಒಬ್ಬ ಟಿಬೆಟಿನ ಹೆಣ್ಣಮಗಳು ಮಜ್ಜಿಗಿ ಚರಿಗಿ ಹಿಡಕೊಂಡು ಕುಂತಿದ್ಲು. ಒಬ್ಬರ ಮಾತು ಒಬ್ಬರಿಗೆ ತಿಳೀತಿದ್ದಿಲ್ಲ, ಆದ್ರೂ ಇಬ್ಬರೂ ನಗತಿದ್ರು. ಅವ್ವನ ಮುಖದಾಗ ಝಳಾ ಇಲ್ಲ, ಬ್ಯಾಸರಿಕಿ ಇಲ್ಲ. ಬಿಸಲಾಗ ಯಾಕ ಕುಂತಿ ಅಂದೆ. ಸಂಡಿಗಿ ನೆರಳಾಗ ಒಣಗತಾವೇನು ಅಂತ ನನಗ ತಿರುಗಿ ಕೇಳಿದ್ಲು.

ಖೋಲಿ ಸಿಕ್ಕೈತಿ, ನಡಿ ಅಂದೆ. ಆಕಿ ಕೈ ತೊಳಕೊಂಡು ಬಂದು ನನ್ನ ಮುಖ ಸವರಿದ್ಲು. ಬಾಗಿಲಕ್ಕ ಒಳಗಿಂದ ಅಗಳಿ ಐತೇನು ಅಂತ ಕೇಳಿದ್ಲು. ಐತಿ ಅಂದೆ. ಚೊಲೋ ಆತು ಅಂದು ಮತ್ತ ಸಂಡಿಗಿ ಮುಂದ ಕುಂತ್ಲು. ಗಂಟು ಕಟ್ಟು, ಸಂಜೀ ಬಸ್ಸಿಗೆ ಹೋಗೂಣು ಅಂದ್ರ, ನಾ ಬರಂಗಿಲ್ಲ ಅಂದ್ಲು. ಮತ್ತ ಆ ಝಳಾ, ಆ ನೆಣಾ ಕರಗೋದು, ಅದೆಲ್ಲಾ ಏನು ಅಂತ ಜಗಳಕ್ಕ ನಿಂತೆ.

ಅವ್ವ ಸಂಡಿಗಿಯಿಂದ ಕಣ್ಣು ಎತ್ತಲಿಲ್ಲ. "ಝಳಾ ನನಗೇನು ಹೊಸದವ್ವಾ? ಹುಟ್ಟಿದಾಗಿಂದ ಹೊಲದಾಗ ಬೆಂದಾಕಿ ನಾ. ನಿನಗೊಂದು ಮನಿ ಆಗಬೇಕಿತ್ತು. ನಿನ್ನ ಸಲುವಾಗಿ ನೀ ಎಂದೂ ಬಾಯಿ ಬಿಡಾಕಿ ಅಲ್ಲ. ನನ್ನ ಸಲುವಾಗಿ ಅಂದ್ರ ಬಡದಾಡತಿ. ಅದಕ್ಕ ಅಂದೆ."

ಹಂಗಾದ್ರ ಬಂದು ಇರು ಅಂದೆ. ನಾ ಬಂದ್ರ ಅದು ಮತ್ತ ಎಲ್ಲಾರ ಮನಿ ಆಗತೈತಿ, ಅದಕ್ಕ ಮೊದಲ ಇಲ್ಲಿ ಬಂದು ಕುಂತೇನಿ ಅಂದ್ಲು. ಅವ್ವನ್ನ ನೋಡಾಕ ಅಂತ ಅಣ್ಣ ಬರತಾನ, ಕೂಸುಗಳು ಬರತಾವು, ನೀ ಮತ್ತ ಒಲಿ ಮುಂದ ಕುಂಡರಾಕಿ, ಬಿಡು, ಅಂದ್ಲು. ನಾ ಅತ್ತು ಕರದು ಮಾಡಿದೆ. ಅಕ್ಕನ್ನ ಕರದು ಹೇಳಿಸಿದೆ. ಆಕಿ ಅಲುಗಲಿಲ್ಲ. ಸಂಡಿಗಿ ಒಣಗಿದ್ದು ಒಂದು ಗಂಟು ಕಟ್ಟಿ ಕೈಯಾಗ ಕೊಟ್ಲು.

ಸಂಜೀ ಬಸ್ಸಿಗೆ ಒಬ್ಬಾಕೀನ ತಿರುಗಿ ಬಂದೆ. ಬಾಗಿಲ ತಗದು, ಒಳಗ ಹೋಗಿ, ಅಗಳಿ ಹಾಕಿದೆ. ಆ ಚಾಪಿ ಮ್ಯಾಲ ಗ್ವಾಡಿಗೆ ಬೆನ್ನ ಹಚ್ಚಿ ಕುಂತೆ. ಭಾಳ ತಂಪಿತ್ತು. ಅಷ್ಟು ದಿವಸ ಯಾರ ಸಲುವಾಗಿ ಈ ತಂಪು ಬೇಡಿದ್ದೆನೋ ಆಕಿಗೆ ಅದು ಬೇಕಾಗಿದ್ದಿಲ್ಲ ಅಂತ ಸಂಕಟ ಆತು, ಸಿಟ್ಟೂ ಬಂತು. ಗಟ್ಟಿಯಾಗಿ ಅತ್ತೆ. ಯಾಕವ್ವಾ ಅಂತ ಕೇಳಾಕ ಯಾರೂ ಬರಲಿಲ್ಲ.